ಬಡ್ಡಿಯಿಲ್ಲದ ಸಾಲ

"ನೋಡಕ್ಕ, ಇದನ್ನ ಎಸೀತಿದ್ದೆಯಲ್ಲ, ಇದರೊಳಗೆ ಇನ್ನೂ ಒಂದು ವಾರದ್ದು ಕೂತಿದೆ" ಎನ್ನುತ್ತ ತಮ್ಮ ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ಬಿಡಿಸಿ ಹಿಡಿದ. ಒಳಗೆಲ್ಲ ಬೆಳ್ಳಗೆ ಮೆತ್ತಿಕೊಂಡಿತ್ತು. ಭಾನುವಾರದ ಬೆಳಿಗ್ಗೆ, ಅಕ್ಕನ ಮನೆ. ಒಲೆಯ ಮುಂದೆ ಚಹಾ ಸೋಸುತ್ತಿದ್ದ ಅಕ್ಕ ತಿರುಗಿ ನೋಡಿದವಳೇ ಸೋಸುವುದನ್ನು ಬಿಟ್ಟು ನಗತೊಡಗಿದಳು.

"ಅಯ್ಯೋ ನಿನ್ನ! ಇದೇ ಕೈ ತಾನೆ ಹತ್ತು ಜನಕ್ಕೆ ಊಟ ಕೊಡಿಸಿ, ಉಳಿದ ಚಿಲ್ಲರೆ ಕೂಡ ಎಣಿಸದೆ ಎದ್ದು ಬರ್ತಿದ್ದದ್ದು?"

"ಆ ಕೈ ಬೇರೆ, ಈ ಕೈ ಬೇರೆ."

"ಕೈ ಅದೇ ಕಣೋ. ಬುದ್ಧಿ ಬಂತು ಅನ್ನು."

ಬುದ್ಧಿ ಬಂದಿತ್ತು, ಸುಳ್ಳಲ್ಲ. ಆದರೆ ಬುದ್ಧಿಯೇನು ಯಾರಿಗೂ ಪುಕ್ಕಟೆ ಬರುವ ಪದಾರ್ಥವಲ್ಲ. ಇವನಿಗಂತೂ ಭಾರೀ ಬಡ್ಡಿಯ ಮೇಲೆ ಬಂದಿತ್ತು.

ಅವನು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಮೆಕ್ಯಾನಿಕ್. ಕಟ್ಟಡದಿಂದ ಕಟ್ಟಡಕ್ಕೆ ತಿರುಗುವುದು, ಲಿಫ್ಟಿನ ತಲೆಯ ಮೇಲೆ ಕೂತು ಕಂಬಿಗಳಿಗೆ ಗ್ರೀಸ್ ಬಳಿಯುವುದು, ಸವೆದ ಹಗ್ಗ ಬದಲಾಯಿಸುವುದು ಅವನ ಕೆಲಸ. ಸಂಬಳ ತೀರಾ ಕಡಿಮೆಯೇನಲ್ಲ, ಕೈ ಮಾತ್ರ ಸಂಬಳಕ್ಕಿಂತ ಉದ್ದ. ಹೋಟೆಲಿನಲ್ಲಿ ಬಿಲ್ಲು ಮೇಜಿಗೆ ಬರುವ ಮೊದಲೇ ಇವನ ಕೈ ಜೇಬಿಗೆ ಹೋಗಿರುತ್ತಿತ್ತು. ಗೆಳೆಯರು 'ಸಾಹುಕಾರ' ಎಂದು ಕರೆದರು, ಇವನು ಅದನ್ನು ಬಿರುದು ಎಂದುಕೊಂಡ. ಸಾಹುಕಾರನಿಗೆ ತಕ್ಕ ಬೈಕು ಬೇಡವೇ? ಕಂತಿನ ಮೇಲೆ ಬಂತು. ತಕ್ಕ ಫೋನು? ಅದೂ ಕಂತು. ಕ್ರೆಡಿಟ್ ಕಾರ್ಡಿನ ಸಾಲ ತೀರಿಸಲು ಫೋನಿನಲ್ಲೇ ಬೆರಳೊತ್ತಿದರೆ ಸಿಗುವ ಸಾಲ, ಅದನ್ನು ತೀರಿಸಲು ಅಂಥದೇ ಮತ್ತೊಂದು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಗಾದೆ ಹುಟ್ಟಿದ್ದೇ ಇಂಥ ಪುಣ್ಯಾತ್ಮರನ್ನು ನೋಡಿ.

ಕೊನೆಗೊಂದು ದಿನ ವಸೂಲಿಯವರಿಬ್ಬರು ಕೆಲಸದ ಜಾಗಕ್ಕೇ ಬಂದರು. ಲಿಫ್ಟಿಗೆ ಕಾಯುತ್ತಿದ್ದ ಜನರ ಎದುರಿಗೇ ಅವನ ಕಾಲರ್ ಹಿಡಿದರು. ಅವತ್ತು ಅವನು ಫೋನು ಮಾಡಿದ ಗೆಳೆಯರಲ್ಲಿ ಒಬ್ಬನೂ ಎತ್ತಲಿಲ್ಲ. ಎತ್ತಿದ್ದು ಅಕ್ಕ ಒಬ್ಬಳೇ.

ಅಮ್ಮ ತೀರಿಕೊಂಡಾಗ ಇವನಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ. ಅಕ್ಕ ಓದು ಬಿಟ್ಟು ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನುಸಿ ತಿಂದ ಕೋಟು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು ಅವಳ ಮುಂದೆ ಬಂದು ಬೀಳುತ್ತಿದ್ದವು. ಆ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಹಿಂದೊಂದು ಮುಂದೊಂದು ಹೆಣೆದು, ಅಲ್ಲೊಂದು ತೂತಿತ್ತು ಎಂಬುದೇ ಗೊತ್ತಾಗದಂತೆ ಮಾಡಿ ಕೊಡುತ್ತಿದ್ದಳು. ಅದಕ್ಕೆ ಬೇಕಾದ ಬಂಡವಾಳ ಒಂದು ಸೂಜಿ ಮತ್ತು ಎರಡು ಕಣ್ಣು, ಅಷ್ಟೆ. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರ್ಲಿ" ಎಂದಳು. ಹಾಗೆನ್ನುತ್ತಲೇ ಮದುವೆಯ ಮಾತು ಬರುವುದು ನಿಂತಿತು.

ಅವಳ ಕಣ್ಣಿನೊಳಗೆ ಒತ್ತಡ ಹೆಚ್ಚಿದೆ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದ್ದು ವಸೂಲಿಯವರು ಬರುವುದಕ್ಕೂ ಮುಂಚಿನ ವರ್ಷ. ನೋವಿಲ್ಲ, ಕೆಂಪಿಲ್ಲ. ಆದರೆ ಸುಮ್ಮನೆ ಬಿಟ್ಟರೆ ನೋಟವನ್ನು ಅಂಚಿನಿಂದ ಒಳಕ್ಕೆ ತಿನ್ನುತ್ತ ಬರುವ ಕಾಯಿಲೆ. ದಿನಾ ಸಂಜೆ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಬೇಕು, ಆದಷ್ಟು ಬೇಗ ಆಪರೇಷನ್ ಮಾಡಿಸಬೇಕು ಎಂದಿದ್ದರು. ಅದಕ್ಕೆಂದು ಸೂಜಿಯ ಮೊನೆಯಿಂದ ಕೂಡಿಟ್ಟ ದುಡ್ಡನ್ನು ಅಕ್ಕ, ವಸೂಲಿಯವರಿಗೆ ಕೊಡಲೆಂದು, ಪೂರ್ತಿ ತಂದು ತಮ್ಮನ ಕೈಗಿಟ್ಟಳು.

"ಮತ್ತೆ ನಿನ್ನ ಕಣ್ಣು?" ಎಂದು ಕೇಳಿದ್ದ ಅವನು.

"ಡ್ರಾಪ್ಸ್ ಹಾಕ್ತಾ ಇದ್ರೆ ಸದ್ಯಕ್ಕೆ ಸಾಕು ಕಣೋ. ಕಣ್ಣೇನು ನನ್ನ ಅಟ್ಟಿಸ್ಕೊಂಡು ಬರ್ತಿದೆಯಾ? ಅವರು ನಿನ್ನ ಅಟ್ಟಿಸ್ಕೊಂಡು ಬರ್ತಿದ್ದಾರೆ."

ಅವತ್ತು ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತ. ನಾಚಿಕೆಯಿಂದ ಅತ್ತ. ಈ ದುಡ್ಡನ್ನು ಹಿಂದಿರುಗಿಸಿ ಅಕ್ಕನ ಆಪರೇಷನ್ ಮಾಡಿಸದಿದ್ದರೆ ನಾನು ಮನುಷ್ಯನೇ ಅಲ್ಲ ಎಂದು ಆಣೆ ಮಾಡಿಕೊಂಡ. ಆ ಆಣೆಯಲ್ಲಿ ಕಪಟ ಇರಲಿಲ್ಲ.

ಆದರೆ ಸಾಲ ಒಂದೇ ಅಲ್ಲವಲ್ಲ. ಯಾವುದನ್ನು ಮೊದಲು ತೀರಿಸುವುದು? ಕೆಲಸದಲ್ಲಿ ಒಬ್ಬ ಮೇಸ್ತ್ರಿಯಿದ್ದ. ಒಂದು ಕಾಲದಲ್ಲಿ ತಾನೂ ಕುತ್ತಿಗೆವರೆಗೆ ಸಾಲ ಮಾಡಿ ಎದ್ದು ಬಂದವನು. ಊಟದ ಹೊತ್ತಿನಲ್ಲಿ ಎಲ್ಲ ಕೇಳಿಸಿಕೊಂಡು ಹೇಳಿದ:

"ಜಾಸ್ತಿ ಬಡ್ಡಿ ಯಾವುದಕ್ಕಿದೆಯೋ ಅದನ್ನ ಮೊದ್ಲು ಕಡಿ. ಆಮೇಲೆ ಅದಕ್ಕಿಂತ ಕಮ್ಮೀದು. ಬಡ್ಡಿ ಇಲ್ಲದ್ದು ಕೊನೇಗೆ."

"ಬಡ್ಡಿ ಇಲ್ಲದ್ದು ನಮ್ಮಕ್ಕಂದು."

"ಅಕ್ಕ ಬಡ್ಡಿ ಕೇಳ್ತಾಳಾ?"

"ಇಲ್ಲ."

"ಮತ್ತಿನ್ನೇನು! ಬೆಂಕಿ ಬಿದ್ದ ಕಡೆ ನೀರು ಹೊಯ್ಯೋ ಮಾರಾಯ."

ಅಕ್ಕನನ್ನು ಕೇಳಿದರೆ ಅವಳೂ ಅದನ್ನೇ ಅಂದಳು. "ನಂದೇನು ಅವಸರ? ಮೊದ್ಲು ಹೊರಗಿನವರದ್ದು ಬಿಸಾಕು." ಲೆಕ್ಕ ಸರಿಯಾಗಿಯೇ ಇತ್ತು. ಯಾವ ಜಾಣನನ್ನು ಕೇಳಿದರೂ ಅದೇ ಲೆಕ್ಕ ಹೇಳುತ್ತಿದ್ದ.

ಸಾಹುಕಾರ ಬದಲಾದ. ಬೈಕು ಮಾರಿದ, ನಡೆದ. ಹೊರಗಿನ ಚಹಾ ಬಿಟ್ಟು ಫ್ಲಾಸ್ಕಿನಲ್ಲಿ ಒಯ್ದ. ಬಟ್ಟೆಯಂಗಡಿಯ ಸಾಲು ಬಂದರೆ ಆಚೆ ಬದಿಯ ಫುಟ್‌ಪಾತಿಗೆ ದಾಟಿಕೊಂಡ. ಗೆಳೆಯರು ಎರಡು ಸಲ ಕರೆದರು, ಮೂರನೆಯ ಸಲ ಕರೆಯಲಿಲ್ಲ. ಮನಸ್ಸಿಗೆ ಸ್ವಲ್ಪ ನೋವಾಯಿತು, ಆದರೆ ಜೇಬಿಗೆ ಆಗಲಿಲ್ಲ. ಹೊಸದಾಗಿ ಬೀಡಿ ಬಿಟ್ಟವನು ಎಲ್ಲರ ಬೀಡಿ ಕಿತ್ತುಕೊಳ್ಳುತ್ತಾನಂತೆ, ಹಾಗೆ ಇವನು ಸಿಕ್ಕಸಿಕ್ಕವರಿಗೆಲ್ಲ ಉಳಿತಾಯ ಬೋಧಿಸತೊಡಗಿದ. ಅವನದೊಂದು ಮಂತ್ರವೇ ಆಯಿತು: ಅರ್ಧ ಸಾಕು. ಸೋಪು ಅರ್ಧ ಕತ್ತರಿಸಿ ಇಡು. ಚಹಾಪುಡಿ ಅರ್ಧ ಚಮಚ. ಬಟ್ಟೆ ಒಗೆಯುವ ಪುಡಿ ಪ್ಯಾಕೆಟ್ಟಿನ ಮೇಲೆ ಬರೆದದ್ದರ ಅರ್ಧ.

"ಕಂಪನಿಯವರು ದುಡ್ಡು ಮಾಡೋಕೆ ಡಬ್ಬಲ್ ಬರೀತಾರಕ್ಕ. ಅರ್ಧ ಹಾಕಿ ನೋಡು, ವ್ಯತ್ಯಾಸ ಗೊತ್ತಾದ್ರೆ ನನ್ನ ಕೇಳು" ಎನ್ನುತ್ತಿದ್ದ.

ಕೆಲಸದಲ್ಲಿ ಗ್ರೀಸಿಗೂ ಇದೇ ಲೆಕ್ಕ ತಂದಾಗ ಮೇಸ್ತ್ರಿ, "ಲೇ, ಅದು ನಿನ್ನ ಸೋಪಲ್ಲ, ಜನ ಸಾಯ್ತಾರೆ!" ಎಂದು ಬೈದಿದ್ದ. ಅದನ್ನವನು ಅಕ್ಕನ ಮನೆಯಲ್ಲಿ ಮೇಸ್ತ್ರಿಯ ದನಿಯಲ್ಲೇ ಅಭಿನಯಿಸಿ ತೋರಿಸಿದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕನಿಗೆ ತಮ್ಮನ ಮೇಲೆ ಅಭಿಮಾನ ಬಂದಿತ್ತು. ಬರದೆ ಇರುತ್ತದೆಯೇ? ಕೈಬಿಟ್ಟು ಹೋಗಿದ್ದ ಮಗನಂಥವನು ಮನೆಗೆ ಬಂದಿದ್ದ. ಅವನು ಹೇಳಿದ್ದನ್ನೆಲ್ಲ ಅವಳು ಮಾಡಿದಳು.

ಪೇಸ್ಟಿನ ಟ್ಯೂಬು ಸೀಳಿದ ಆ ಭಾನುವಾರ ಅವಳು ಚಹಾ ತಂದು ಮೇಜಿನ ಮೇಲಿಟ್ಟಳು. ಮೇಜಿನ ಮೇಲಲ್ಲ, ಅಂಚಿನಾಚೆ ಗಾಳಿಯಲ್ಲಿ. ಲೋಟ ನೆಲಕ್ಕೆ ಬಿದ್ದು ಚೂರಾಯಿತು.

"ತಗೋ, ನಿನ್ನ ಉಳಿತಾಯಕ್ಕೆ ಕಲ್ಲು ಹಾಕ್ದೆ!" ಎಂದು ಅಕ್ಕ ತಾನೇ ಮೊದಲು ನಕ್ಕಳು.

"ಅಕ್ಕ, ಡ್ರಾಪ್ಸ್ ಹಾಕ್ಕೊಳ್ತಿದೀಯಾ?"

"ಹಾಕ್ಕೊಳ್ತಿದೀನಿ ಕಣೋ. ಬೇಕಾದ್ರೆ ಸೀಸೆ ನೋಡು." ಕಿಟಕಿಯಲ್ಲಿ ಸೀಸೆ ಇತ್ತು, ಒಳಗೆ ಔಷಧಿಯೂ ಇತ್ತು. ಅವನು ಸಮಾಧಾನಪಟ್ಟುಕೊಂಡು ಚೂರುಗಳನ್ನು ಆಯ್ದ.

ಆಮೇಲೆ ಒಂದೊಂದೇ ನಡೆಯಿತು. ಅಕ್ಕ ಬಾಗಿಲಿನ ಚೌಕಟ್ಟಿಗೆ ಭುಜ ಹೊಡೆಸಿಕೊಂಡು, "ಈ ಮನೆ ದಿನಾ ಸಣ್ಣದಾಗ್ತಿದೆ" ಎಂದಳು. ಅವಳು ಹೆಣೆದ ಕೋಟೊಂದನ್ನು ಗಿರಾಕಿ ವಾಪಸು ತಂದು ಲಾಂಡ್ರಿಯವನ ಮೇಜಿನ ಮೇಲೆ ಎಸೆದು ಹೋದ, ಹೆಣೆದದ್ದು ಕಾಣುತ್ತದೆ ಎಂದು. ಇಷ್ಟು ವರ್ಷಗಳಲ್ಲಿ ಆಗದೇ ಇದ್ದದ್ದು. "ನೂಲಿನ ಬಣ್ಣ ಕೂಡಿಬರಲಿಲ್ಲ" ಎಂದು ಅಕ್ಕ ತಮ್ಮನಿಗೆ ಹೇಳಿದಳು. ಲಾಂಡ್ರಿಯವನು ಅವಳಿಗೆ ಗುಂಡಿ ಹೊಲಿಯುವ ಕೆಲಸ ಕೊಡತೊಡಗಿದ. ಅದನ್ನು ಅವಳು ತಮ್ಮನಿಗೆ ಹೇಳಲಿಲ್ಲ. ಅವನ ಕಣ್ಣೂ ಆ ದಿನಗಳಲ್ಲಿ, ಮುಗಿಯುತ್ತ ಬಂದ ಕಂತುಗಳ ಮೇಲೇ ಇತ್ತು.

ಹೊರಗಿನವರ ಸಾಲವೆಲ್ಲ ತೀರಿದ ದಿನ ಮೇಸ್ತ್ರಿ ಅವನ ಬೆನ್ನು ತಟ್ಟಿ, "ಈಗ ನೀನು ನಿಜವಾದ ಸಾಹುಕಾರ" ಎಂದ. ಅಲ್ಲಿಂದ ಮುಂದೆ ಬಂದ ಸಂಬಳವೆಲ್ಲ ಅಕ್ಕನ ಗಂಟಿಗೇ ಸೇರಿತು. ಚಳಿಗೆ ಒಂದು ಸ್ವೆಟರ್ ಬೇಕಿತ್ತು, ತೆಗೆದುಕೊಳ್ಳಲಿಲ್ಲ. ಪೂರ್ತಿ ಕೂಡಿದ ವಾರ ಅವನು ರಜೆ ಹಾಕಿ, ದುಡ್ಡನ್ನು ಲಕೋಟೆಯಲ್ಲಿಟ್ಟು, ಅಂಗಿಯ ಒಳಜೇಬಿಗೆ ಪಿನ್ನು ಚುಚ್ಚಿಕೊಂಡು ಅಕ್ಕನ ಮನೆಗೆ ಹೋದ.

"ಹೊರಡು. ಕಣ್ಣಿನ ಆಸ್ಪತ್ರೆಗೆ."

"ಇವತ್ತೇ?"

"ಇವತ್ತೇ. ನಿನ್ನ ಸಾಲ ತೀರಿಸೋ ದಿನ ಇದು, ಸುಮ್ನೆ ಬಾ."

ದಾರಿಯಲ್ಲಿ ಅವನು ಮಾತಾಡಿದ್ದೇ ಮಾತಾಡಿದ್ದು. ಆಪರೇಷನ್ ಆದಮೇಲೆ ಒಂದು ತಿಂಗಳು ನೀನು ಸೂಜಿ ಮುಟ್ಟಕೂಡದು, ಅಡುಗೆ ನಾನೇ ಮಾಡುತ್ತೇನೆ, ಉಪ್ಪು ಹೆಚ್ಚಾದರೂ ಬಾಯಿ ಬಿಡಬಾರದು. ಅಕ್ಕ "ಹೂಂ ಹೂಂ" ಎನ್ನುತ್ತ ಅವನ ತೋಳು ಹಿಡಿದುಕೊಂಡೇ ನಡೆದಳು. ಪ್ರೀತಿಗೆ ಹಿಡಿದಿದ್ದಾಳೆ ಎಂದುಕೊಂಡ. ಆ ದಿನ ಬೆಳಿಗ್ಗೆ ಅವನಷ್ಟು ಸುಖಿ ಆ ರಸ್ತೆಯಲ್ಲಿ ಮತ್ತೊಬ್ಬನಿರಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಗುಂಡಿಯ ಸದ್ದು ಬಹಳ ಅಪರೂಪಕ್ಕೆ ಬರುತ್ತಿತ್ತು. ಎಡಗಣ್ಣಿನ ಸರದಿ ಬಂದಾಗ ಬರಲೇ ಇಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಂಡ ಮೆಕ್ಯಾನಿಕ್ಕು.

ಡಾಕ್ಟರಮ್ಮ ಬಹಳ ಹೊತ್ತು ನೋಡಿ ಕೇಳಿದರು. "ಡ್ರಾಪ್ಸ್ ಹಾಕ್ಕೊಳ್ತಿದ್ರಾ?"

"ಹಾಕ್ಕೊಳ್ತಿದ್ದೆ."

"ದಿನಾ?"

ಅಕ್ಕ ಬೆರಳಿಗೆ ಬೆರಳು ಹೆಣೆದುಕೊಂಡಳು. "ದಿನ ಬಿಟ್ಟು ದಿನ."

"ಯಾಕಮ್ಮ? ಯಾರು ಹೇಳಿದ್ರು ಹಾಗೆ?"

"ಯಾರೂ ಹೇಳ್ಲಿಲ್ಲ ಡಾಕ್ಟ್ರೆ. ಸೀಸೆ ತುಂಬಾ ದುಬಾರಿ. ಅರ್ಧ ಹಾಕಿ ನೋಡಿದೆ." ಅವಳ ದನಿ ಇಳಿಯಿತು. "ವ್ಯತ್ಯಾಸ ಗೊತ್ತಾಗ್ಲಿಲ್ಲ."

ಅವಳು ತಮ್ಮನ ಕಡೆ ತಿರುಗಲಿಲ್ಲ. ಆ ಮಾತು ಯಾರದೆಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

"ಗೊತ್ತಾಗೋದೇ ಇಲ್ಲ ಈ ಕಾಯಿಲೆ. ಗೊತ್ತಾಗೋ ಹೊತ್ತಿಗೆ ಮುಗಿದಿರುತ್ತೆ" ಎಂದರು ಡಾಕ್ಟರಮ್ಮ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಎಡಗಣ್ಣು ಹೋಗಿದೆಯಮ್ಮ. ಬಲಗಣ್ಣಲ್ಲಿ ನಡುವೆ ಒಂದಿಷ್ಟು ಉಳಿದಿದೆ."

ಅವನು ಎದ್ದು ನಿಂತ. ಒಳಜೇಬಿನ ಪಿನ್ನು ಬಿಚ್ಚಲು ಹೋಗಿ ಬೆರಳಿಗೆ ಚುಚ್ಚಿಕೊಂಡ. "ಆಪರೇಷನ್ ದುಡ್ಡು ತಂದಿದೀನಿ ಡಾಕ್ಟ್ರೆ. ಪೂರ್ತಿ ತಂದಿದೀನಿ."

"ಮಾಡೋಣಪ್ಪ. ಬಲಗಣ್ಣಿಗೆ ಈ ವಾರಾನೇ ಮಾಡೋಣ. ಅದು ಇರೋದನ್ನ ಉಳಿಸ್ಕೊಳ್ಳೋಕೆ. ಹೋದದ್ದನ್ನ ತಂದುಕೊಡೋ ಆಪರೇಷನ್ ಇಲ್ಲ."

"ಎಷ್ಟಾದ್ರೂ ಪರವಾಗಿಲ್ಲ, ಡಾಕ್ಟ್ರೆ. ಇನ್ನೂ ತರ್ತೀನಿ. ಸಾಲ ಮಾಡಿಯಾದ್ರೂ—"

"ಲೋ!" ಎಂದಳು ಅಕ್ಕ. ಅಲ್ಲಿಯವರೆಗೆ ಮೆಲ್ಲಗೆ ಮಾತಾಡಿದವಳು ಈಗ ಗದರಿದಳು. "ಸಾಲದ ಮಾತು ಎತ್ತಿದ್ರೆ ನೋಡು."

ಆಪರೇಷನ್‌ಗೆ ದುಡ್ಡು ಕಟ್ಟಿಯಾಯಿತು. ಹೊಸ ಸೀಸೆ ಕೊಂಡದ್ದಾಯಿತು. ಎಡಗಣ್ಣಿಗೂ ತಪ್ಪದೆ ಹಾಕಬೇಕು, ಇಲ್ಲದಿದ್ದರೆ ನೋವು ಶುರುವಾಗುತ್ತದೆ, ಈಗಲೇ ಒಂದು ಸಲ ಹಾಕಿಬಿಡಿ ಎಂದಿದ್ದರು. ಔಷಧಿ ಕೊಡುವ ಕಿಟಕಿಯ ಎದುರಿನ ಬೆಂಚಿನ ಮೇಲೆ ಅಕ್ಕ ಕೂತಳು. ಅವನು ಪಕ್ಕದಲ್ಲಿ ನಿಂತು ಮುಚ್ಚಳ ತಿರುಚಿದ. ಮುಚ್ಚಳ ಕೈಜಾರಿ ಬಿತ್ತು, ಎತ್ತಿಕೊಂಡ.

"ಅಕ್ಕ, ನಾನು..." ಎಂದ.

"ನಿಂಗೆ ಹೇಳ್ಬೇಕು ಅನ್ನಿಸ್ಲಿಲ್ಲ ಕಣೋ" ಎಂದಳು ಅಕ್ಕ. "ನೀನು ಅಷ್ಟು ಕಷ್ಟಪಟ್ಟು ಕಡಿಮೆ ಮಾಡ್ಕೊಂಡಿದ್ದೆ. ನಾನೂ ಏನಾದ್ರೂ ಕಡಿಮೆ ಮಾಡೋಣ ಅನ್ಕೊಂಡೆ, ಅಷ್ಟೆ. ಹಾಕು ಈಗ, ಜನ ನೋಡ್ತಿದ್ದಾರೆ."

ಅವನು ಬಲಗಣ್ಣಿಗೆ ಹಾಕಿದ. ಮೊದಲ ಹನಿ ಗುರಿತಪ್ಪಿ ಕೆನ್ನೆಯ ಮೇಲೆ ಬಿತ್ತು.

"ಅಯ್ಯೋ, ಒಂದು ದಂಡ ಆಯ್ತಲ್ಲೋ" ಎಂದಳು ಅಕ್ಕ.

ಅವನು ಮತ್ತೊಂದು ಹಾಕಿದ. ಅದು ಸರಿಯಾಗಿ ಬಿತ್ತು. ಅಕ್ಕ ಆ ಕಣ್ಣನ್ನು ಮುಚ್ಚಿಕೊಂಡು ಕರವಸ್ತ್ರ ಒತ್ತಿ ಹಿಡಿದಳು. ಅವನು ಅವಳ ಎಡಕ್ಕೆ ಬಂದ. ಮುಖ ಮೇಲೆತ್ತಿಕೊಂಡು ಅವಳು ಕಾಯುತ್ತಿದ್ದಳು.

"ಹಾಕ್ತೀಯಾ?" ಎಂದು ಕೇಳಿದಳು.

ಸೀಸೆಯ ಮೂತಿ ಆಗಲೇ ಅವಳ ಎಡಗಣ್ಣಿನ ಹತ್ತಿರದಲ್ಲೇ ಇತ್ತು. ಕಣ್ಣು ಅಗಲವಾಗಿ ತೆರೆದಿತ್ತು, ರೆಪ್ಪೆ ಬಡಿಯಲಿಲ್ಲ.