ಕೇಳಿ ತಂದ ಸೈಕಲ್

ವೈಕುಂಠ ಸಮಾರಾಧನೆ ಮುಗಿದಿತ್ತು. ನೆಂಟರೆಲ್ಲ ಹಿಂದಿನ ಸಂಜೆಯ ಗಾಡಿಗೆ ಹೊರಟುಹೋಗಿದ್ದರು. ಶನಿವಾರ ಬೆಳಿಗ್ಗೆ ಹಾಲಿನವನು ಬಂದ. ಎಂದಿನಂತೆ ಪಾತ್ರೆ ಒಡ್ಡಿದೆ. ಎಂದಿನಷ್ಟೇ ಅಳೆದು ಹೊಯ್ದ. ಇನ್ನು ಮೇಲೆ ಇಷ್ಟು ಬೇಡ ಎಂದು ಹೇಳಬೇಕಿತ್ತು. ಗುಜರಾತಿಯಲ್ಲಿ ಅದನ್ನು ಹೇಗೆ ಹೇಳುವುದೆಂದು ನನಗೆ ಗೊತ್ತಿರಲಿಲ್ಲ. ಅವನೊಡನೆ ಮಾತಾಡುತ್ತಿದ್ದವರು ನನ್ನ ಗಂಡ ಅನಂತರಾಮ.

ಅದು ೧೯೬೬ರ ಜೂನ್. ಬರೋಡಾದ ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಮ್ಮದು ಕೊನೆಯ ಮನೆ. ವರಾಂಡದ ಗೋಡೆಗೆ ಒಂದು ಲೇಡೀಸ್ ಸೈಕಲ್ ಒರಗಿ ನಿಂತಿತ್ತು. ಅದು ನಮ್ಮದಲ್ಲ. ಹಿಂದಿನ ಬೀದಿಯ ಊರ್ಮಿಳಾಬೆನ್ ಅವರದು. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ನನಗೆ ಕಲಿಸಲೆಂದು ಅನಂತರಾಮ ಅದನ್ನು ಕೇಳಿ ತಂದಿದ್ದರು. ಕಲಿಸುವುದು ಅರ್ಧವಾಗಿತ್ತು. ಆಮೇಲೆ ಅವರಿಗೆ ಜ್ವರ ಬಂತು.

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಬಿ.ಎಡ್.ಗೆ ಸೀಟು ಸಿಕ್ಕಿತ್ತು. ಸೋಮವಾರ ಹೋಗಿ ಸೇರಬೇಕು. ಸೇರದಿದ್ದರೆ ಸೀಟು ಬೇರೆಯವರಿಗೆ. ವಿಶ್ವವಿದ್ಯಾಲಯ ಊರಿನ ಇನ್ನೊಂದು ತುದಿಯಲ್ಲಿ, ವಿಶ್ವಾಮಿತ್ರಿ ಸೇತುವೆಯ ಆಚೆ.

ನನ್ನ ಅಣ್ಣ ಬಾಲಚಂದ್ರ ಉಳಿದುಕೊಂಡಿದ್ದ. ನನ್ನನ್ನು ಹಾಸನಕ್ಕೆ ಕರೆದೊಯ್ಯುವುದಕ್ಕೆ.

"ನಾಳೆ ಸಾಯಂಕಾಲದ ಗಾಡಿ," ಎಂದ. "ಕಟ್ಟೋದೇನೂ ಹೆಚ್ಚಿಲ್ಲ ಬಿಡು. ಆ ಪೆಟ್ಟಿಗೆಗಳನ್ನ ನೀವು ಬಿಚ್ಚೇ ಇಲ್ಲವಲ್ಲ."

ನಿಜ. ವರ್ಗವಾಗಿ ಬರುವ ನಮ್ಮಂಥವರ ಅಭ್ಯಾಸ ಅದು. ಹೇಗೂ ಇನ್ನೊಂದು ಊರಿಗೆ ಹೋಗುವವರು ಎಂದು ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚುವುದಿಲ್ಲ. ಊರಿನ ಭಾಷೆ ಕಲಿಯುವುದಿಲ್ಲ. ಹಾಗೆಯೇ ವರ್ಷಗಳು ಹೋಗುತ್ತವೆ.

"ಅಣ್ಣಾ, ಸೋಮವಾರ ಕಾಲೇಜು."

ಅವನು ಕಾಫಿ ಲೋಟ ಕೆಳಗಿಟ್ಟ. "ಯಾರು ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ? ಅನಂತ ಇದ್ದಾಗಿನ ಮಾತು ಬೇರೆ. ಹಾಲಿನವನ ಹತ್ರ ಒಂದು ಮಾತಾಡೋಕೆ ಬರಲ್ಲ ನಿನಗೆ. ಈ ಊರಲ್ಲಿ ಒಬ್ಬಳೇ ಹೇಗಿರ್ತೀಯ?"

"ಕ್ವಾರ್ಟರ್ಸ್ ಇನ್ನೂ ಕೆಲವು ತಿಂಗಳು ಇಟ್ಕೋಬಹುದಂತೆ. ಆಮೇಲೆ ಹಾಸ್ಟೆಲ್ ಇದೆ."

"ನಮ್ಮನೇಲಿ ಊಟಕ್ಕೇನು ಕಮ್ಮಿ ಆಗಿದೆಯಾ ಗಿರಿಜಾ? ನಿಮ್ಮತ್ತಿಗೆ ನಿನ್ನ ರೂಮಿಗೆ ಸುಣ್ಣ ಹೊಡೆಸಿಟ್ಟಿದ್ದಾಳೆ."

ಅಣ್ಣ ಒಳ್ಳೆಯವನು. ಕಷ್ಟವಾದದ್ದು ಅದಕ್ಕೇ.

ಪಕ್ಕದ ಮನೆಯ ಗೌರಮ್ಮನವರು ಸಾರಿನ ಪಾತ್ರೆ ಹಿಡಿದು ಬಂದರು. ತುಮಕೂರಿನ ಕಡೆಯವರು, ಮಗ ರೈಲ್ವೆ ಗುಮಾಸ್ತ. ಬಂದವರ ಕಣ್ಣು ಸೈಕಲ್ ಮೇಲೆ ಬಿತ್ತು.

"ಇದಿನ್ನೂ ಇಲ್ಲೇ ಇದೆಯಾ? ಹೋದವರು ಕೇಳಿ ತಂದದ್ದನ್ನ ಮನೇಲಿಟ್ಕೋಬಾರ್ದು. ಕೊಟ್ಟುಬಿಡಿ."

"ನಾನು ತಳ್ಕೊಂಡು ಹೋಗಿ ಕೊಟ್ಟು ಬರ್ತೀನಿ," ಎಂದ ಅಣ್ಣ.

"ಬೇಡ. ನಾನು ಕೊಡ್ತೀನಿ," ಎಂದೆ.

ಸಂಜೆ ಸೈಕಲ್ ತಳ್ಳಿಕೊಂಡು ಹೊರಟೆ. ಕ್ವಾರ್ಟರ್ಸಿನ ಮೈದಾನದ ನಡುವೆ ನೀರಿನ ಟ್ಯಾಂಕ್ ಇದೆ. ಕಲಿತದ್ದು ಅದರ ಸುತ್ತ. ಯಾರೂ ಇರಲಿಲ್ಲ. ಕೊನೆಯ ಸಲ ಎಂದುಕೊಂಡು ಟ್ಯಾಂಕಿನ ಕಟ್ಟೆಗೆ ಕಾಲು ಕೊಟ್ಟು ಹತ್ತಿದೆ. ಒಂದು ಸುತ್ತು ಬಂದೆ. ಸೈಕಲ್ ಓಲಾಡಲಿಲ್ಲ. ಹಾಗೇ ಗೇಟಿನಿಂದ ಹೊರಗೆ ಬಂದೆ. ಊರ್ಮಿಳಾಬೆನ್ ಅವರ ಬೀದಿಗೆ ಬಲಕ್ಕೆ ತಿರುಗಬೇಕು. ತಿರುಗಲು ಹೋಗಿ ಬಿದ್ದೆ.

ಎದ್ದು ಮತ್ತೆ ಹತ್ತಿದೆ. ಅದೇ ಜಾಗದಲ್ಲಿ ಮತ್ತೆ ಬಿದ್ದೆ. ಮಂಡಿ ತರಚಿ ರಕ್ತ ಬಂತು. ಸೈಕಲ್ ತಳ್ಳಿಕೊಂಡೇ ಅವರ ಮನೆ ತಲುಪಿದೆ.

ನಾನು ತಿರುವಿನಲ್ಲಿ ಬಿದ್ದದ್ದನ್ನು ನೋಡಿದ್ದ ಊರ್ಮಿಳಾಬೆನ್ ವರಾಂಡದ ಉಯ್ಯಾಲೆಯಿಂದ ಇಳಿದು ಬಂದರು. ನಾವಿಬ್ಬರೂ ಮಾತಾಡುವುದು ಹಿಂದಿ, ಇಂಗ್ಲಿಷ್ ಬೆರೆಸಿ.

"ಗಿರಿಜಾಬೆನ್, ಇಷ್ಟು ದಿನ ಎಡಕ್ಕೆ ಮಾತ್ರ ಸುತ್ತಿದ್ದೀರಿ ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ಇಲ್ಲಿ ಕೂತು ನೋಡ್ತಿದ್ದೆ. ಅನಂತಭಾಯಿ ನಿಮ್ಮ ಎಡಗಡೆ ಸೀಟು ಹಿಡಿದು ಓಡ್ತಿದ್ರು. ಒಳಗಿನ ಸುತ್ತು ಚಿಕ್ಕದು. ಅವರಿಗೆ ಓಟ ಕಡಿಮೆ. ಜಾಣರು."

ನನಗೆ ನಗು ಬಂತು. ಅರ್ಧಕ್ಕೆ ನಿಂತಿತು.

"ಸೈಕಲ್ ತೆಗೆದುಕೊಳ್ಳಿ. ನಾಳೆ ಅಣ್ಣನ ಜೊತೆ ಊರಿಗೆ ಹೋಗ್ತಿದ್ದೇನೆ."

"ಹೋಗೋದು ನಿಮ್ಮ ಇಷ್ಟವಾ?"

ನಾನು ಸೈಕಲ್ಲನ್ನು ಅವರ ಕಡೆ ತಳ್ಳಿದೆ.

"ಹಾಗಾದ್ರೆ ತಳ್ಳಿಕೊಂಡು ಬಂದ ಸೈಕಲ್ ನಾನು ತೆಗೆದುಕೊಳ್ಳಲ್ಲ. ಹತ್ತಿಕೊಂಡು ಬನ್ನಿ, ಆಗ ಕೊಡಿ."

"ಹೇಳೋದು ಸುಲಭ ನಿಮಗೆ."

"ನಾನು ಬಿ.ಎಡ್.ಗೆ ಹೋಗಿದ್ದು ಇದೇ ಸೈಕಲ್ ಮೇಲೆ. ಸೇತುವೆ ಮೇಲೆ ಬಿದ್ದಿದ್ದೇನೆ, ಕಾಲೇಜಿನ ಗೇಟಿನಲ್ಲಿ ಬಿದ್ದಿದ್ದೇನೆ. ಒಂದು ಸಲ ಎಮ್ಮೆ ಮೇಲೂ ಬಿದ್ದೆ. ಎಮ್ಮೆ ಏನೂ ಅನ್ನಲಿಲ್ಲ. ಅದರ ಯಜಮಾನ ತುಂಬಾ ಅಂದ." ಅವರು ಹ್ಯಾಂಡಲ್ ಹಿಡಿದು ನನ್ನ ಕಡೆ ತಿರುಗಿಸಿದರು. "ನಿಮಗೆ ಸೈಕಲ್ ಬರಲ್ಲ ಅಂತಲ್ಲ. ಒಂದು ಕಡೆ ತಿರುಗೋಕೆ ಬರಲ್ಲ, ಅಷ್ಟೆ. ಬೀಳೋ ಜಾಗ ಗೊತ್ತಾಯ್ತಲ್ಲ? ಅದನ್ನೇ ಅಭ್ಯಾಸ ಮಾಡಿ. ಚಕ್ರ ನೋಡಬೇಡಿ, ಹೋಗಬೇಕಾದ ಕಡೆ ನೋಡಿ."

ಮನೆಗೆ ಬಂದಾಗ ಮಂಡಿಯ ರಕ್ತ ಸೀರೆಗೆ ಹತ್ತಿತ್ತು. ಗೌರಮ್ಮನವರು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ಅರಿಶಿನ ಕಲಸಿ ತಂದರು.

ನಾನು ಕಾಲು ಹಿಂದಕ್ಕೆಳೆದುಕೊಂಡೆ. "ನಾನು ಅರಿಶಿನ..."

"ಗಾಯಕ್ಕಮ್ಮಾ ಇದು. ಶಾಸ್ತ್ರಕ್ಕಲ್ಲ. ಕಾಲು ಚಾಚು."

ಅವರೂ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಅರಿಶಿನ ಹಚ್ಚುತ್ತ, ತಲೆ ಎತ್ತದೆ ಹೇಳಿದರು.

"ನಿನ್ನ ವಯಸ್ಸಲ್ಲಿ ನಾನು ವೀಣೆ ಕಲೀತಿದ್ದೆ. ಅವರು ಹೋದ ಮೇಲೆ ಬಿಟ್ಟೆ. ಬಿಡು ಅಂತ ಯಾರೂ ಅನ್ನಲಿಲ್ಲ. ಬಿಡಬೇಡ ಅಂತಲೂ ಅನ್ನಲಿಲ್ಲ." ಅರಿಶಿನದ ಬಟ್ಟಲು ಪಕ್ಕಕ್ಕಿಟ್ಟರು. "ನಾಳೆ ಸೆರಗು ಬಿಗಿಯಾಗಿ ಸಿಗಿಸ್ಕೋ. ಚೈನಿಗೆ ಸಿಕ್ಕೀತು."

ಭಾನುವಾರ ಬೆಳಕು ಹರಿಯುವಾಗಲೇ ಮೈದಾನಕ್ಕೆ ಹೋದೆ. ಟ್ಯಾಂಕಿನ ಸುತ್ತ ಈ ಸಲ ಬಲಕ್ಕೆ. ಬಿದ್ದೆ. ಅಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದ. ಸೀಟಿಗೆ ಕೈ ಹಾಕಿದ.

"ಹಿಡೀಬೇಡ ಅಣ್ಣಾ."

"ಬೀಳ್ತೀಯ."

"ಬೀಳ್ತೀನಿ."

ಅವನು ಕೈ ಬಿಟ್ಟ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ನಾನು ಬಿದ್ದಾಗಲೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತಿದ್ದ, ಮತ್ತೆ ಹಿಂದೆ ಹೋಗುತ್ತಿದ್ದ. ಬಿಸಿಲು ಏರುವ ಹೊತ್ತಿಗೆ ನಾನು ಬಲಕ್ಕೆ ಒಂದು ಪೂರ್ತಿ ಸುತ್ತು ಬಂದಿದ್ದೆ.

ಎಡಕ್ಕೆ ಸುತ್ತುವಾಗ ಒಳಬದಿಯಲ್ಲಿ ಅನಂತರಾಮ ಓಡುತ್ತಿದ್ದರು. ಅವರ ಏದುಸಿರು ಕೇಳುತ್ತಿತ್ತು. ಬಲಕ್ಕೆ ಸುತ್ತುವಾಗ ಒಳಬದಿಯಲ್ಲಿ ಯಾರೂ ಇರಲಿಲ್ಲ. ಎಂದೂ ಇದ್ದಿರಲಿಲ್ಲ. ಆ ಕಡೆಗೆ ನಾನೊಬ್ಬಳೇ ತಿರುಗಬೇಕಾಗಿತ್ತು.

ಕೆಳಗಿಳಿದೆ. ಅಣ್ಣ ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿದ.

"ಇವತ್ತಿನ ಗಾಡಿ ಬೇಡ," ಎಂದ. "ನಾಳೆ ನೋಡೋಣ. ಆದ್ರೆ ನಾನು ಹಿಂದೆ ಟಾಂಗಾದಲ್ಲಿ ಬರ್ತೀನಿ."

ಸೋಮವಾರ ಹಾಗೆಯೇ ಹೊರಟೆವು. ಮುಂದೆ ನನ್ನ ಸೈಕಲ್, ಹಿಂದೆ ಅವನ ಟಾಂಗಾ. ಪೇಟೆಯಲ್ಲಿ ಒಂದೆಡೆ ಹೆದರಿ ಇಳಿದೆ, ಸ್ವಲ್ಪ ದೂರ ತಳ್ಳಿದೆ, ಮತ್ತೆ ಹತ್ತಿದೆ. ಸೇತುವೆಯ ಮೇಲೆ ತಿರುಗಿ ನೋಡಿದರೆ ಟಾಂಗಾ ಕಾಣಲಿಲ್ಲ. ನಾನು ಕಾಲೇಜು ಸೇರಿ ಹೆಸರು ಬರೆಸಿ ಹೊರಗೆ ಬಂದಾಗ ಅಣ್ಣ ಗೇಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

"ದರಿದ್ರದ ಕುದುರೆ, ಅರ್ಧ ದಾರೀಲಿ ನಿಂತುಬಿಡ್ತು. ನೀನಾದ್ರೂ ನಿಲ್ಲಬಾರ್ದಾ? ನನ್ನ ಬಿಟ್ಟೇ ಬಂದೆಯಲ್ಲ!"

ಬೈಯುವ ದನಿಯಲ್ಲೇ ಹೇಳಿದ. ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಊರಿಗೆ ಹೊರಡುವ ಮೊದಲು ಅವನು ಎರಡು ಕೆಲಸ ಮಾಡಿದ. ಪೇಟೆಯಿಂದ ನನಗೊಂದು ಹಳೆಯ ಸೈಕಲ್ ತಂದು ನಿಲ್ಲಿಸಿದ. ಒಳಗಿದ್ದ ಪೆಟ್ಟಿಗೆಗಳ ಮೊಳೆ ಕಿತ್ತು, ಒಂದೊಂದೇ ಸಾಮಾನು ತೆಗೆದು ಗೂಡಿನಲ್ಲಿ ಜೋಡಿಸಿದ. ಅವನನ್ನು ರೈಲು ಹತ್ತಿಸಿ ಒಬ್ಬಳೇ ಮನೆಗೆ ಬಂದೆ. ಮರುದಿನ ಹಾಲಿನವನಿಗೆ ಕೈಸನ್ನೆ ಮಾಡಿ ಅರ್ಧ ಸಾಕು ಎಂದೆ. ಅವನು ಗುಜರಾತಿಯಲ್ಲಿ ಆ ಮಾತು ಹೇಳಿಕೊಟ್ಟ.

ಇದನ್ನು ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಬರೋಡಾ, ಸೂರತ್, ಅಹಮದಾಬಾದಿನ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವವರೇ, ನಿಮಗೊಂದು ಮಾತು. ಫೇಲಾಯಿತೆಂದು ಬಿಟ್ಟ ಪರೀಕ್ಷೆ ಇರಬಹುದು. ಹೇಗೂ ವರ್ಗವಾಗುತ್ತದೆಂದು ಶುರುವೇ ಮಾಡದ ಕೆಲಸ ಇರಬಹುದು. ನಿಮ್ಮ ಮನೆಯಲ್ಲೂ ಒಂದು ಸಾವಾಗಿರಬಹುದು. ದುಃಖ ಮುಗಿಯಲಿ, ಆಮೇಲೆ ಎಂದು ಕಾಯಬೇಡಿ. ಈಗಲೂ ಸಂಜೆ ಬೀಗ ತೆಗೆದರೆ ನನ್ನ ಮನೆಯೊಳಗೆ ಯಾರೂ ಇಲ್ಲ. ಕಲಿತರೆ ಅದು ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಬೀಗ ಹಾಕಿ ಹೋಗುವುದಕ್ಕೆ ಒಂದು ಜಾಗ ಇರುತ್ತದೆ. ನೀವು ಎಲ್ಲಿ ಬೀಳುತ್ತೀರೆಂದು ನೋಡಿಕೊಳ್ಳಿ. ಅಲ್ಲಿಂದಲೇ ಮತ್ತೆ ಶುರು ಮಾಡಿ. ಗೊತ್ತಿದ್ದವರನ್ನು ಕೇಳಿ. ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಬಿಟ್ಟುಬಿಡುವ ಹಾಗೆ ಕಂಡರೆ ಬಿಡಬೇಡ ಎನ್ನಿ, ಬಾಯಿಬಿಟ್ಟು ಎನ್ನಿ.

ಅಣ್ಣ ಹೋದ ವಾರವೇ, ಕೇಳಿ ತಂದ ಸೈಕಲ್ಲನ್ನು ಕೊಡಲು ಹೋದೆ. ಹತ್ತಿಕೊಂಡು ಹೋದೆ. ಗೇಟಿನ ಹೊರಗೆ ಬಲಕ್ಕೆ ತಿರುಗಿದೆ. ಊರ್ಮಿಳಾಬೆನ್ ಉಯ್ಯಾಲೆ ನಿಲ್ಲಿಸಿದರು.

"ಸೀಟು ತಗ್ಗಿದೆಯಲ್ಲ," ಎಂದರು. ಅವರು ನನಗಿಂತ ಎತ್ತರ. ನನ್ನ ಕಾಲು ನೆಲಕ್ಕೆ ಎಟುಕಲೆಂದು ಅನಂತರಾಮ ತಗ್ಗಿಸಿದ್ದರು. "ಇರಲಿ, ಆಮೇಲೆ ಸರಿ ಮಾಡಿಸ್ತೀನಿ."

"ಸ್ಪ್ಯಾನರ್ ಇದೆಯಾ?" ಎಂದೆ.

ಅನಂತರಾಮ ಬಿಗಿದಿದ್ದ ಬೋಲ್ಟ್. ಅಲುಗಲಿಲ್ಲ. ಎರಡೂ ಕೈ ಹಾಕಿ ತಿರುಗಿಸಿದೆ. ಬಿಟ್ಟುಕೊಂಡಿತು. ಸೀಟನ್ನು ಹಳೆಯ ಗುರುತಿನವರೆಗೆ ಎತ್ತಿ, ಮತ್ತೆ ಬಿಗಿದು, ಸೈಕಲ್ಲನ್ನು ಅವರ ಕೈಗೆ ಕೊಟ್ಟೆ.

ಸೈಕಲ್ ಈಗ ಅವರ ವರಾಂಡದಲ್ಲಿದೆ. ಬೇಕಾದವರು ಕೇಳಿ ತನ್ನಿ. ಸೀಟನ್ನು ನಿಮ್ಮ ಎತ್ತರಕ್ಕೆ ನೀವೇ ಬಿಗಿದುಕೊಳ್ಳಿ.