ಕೆಂಪು ದಾರದ ಗುರುತು

ಮೇಜಿನ ಮೇಲಿದ್ದ ಬೆಡ್‌ಶೀಟೊಂದನ್ನು ಎತ್ತಿ ಕೊಡವಿ, ಲಾಂಡ್ರಿಯ ಮೇಲ್ವಿಚಾರಕಿ ಅದನ್ನು ತಾಯಿಯ ಮುಂದೆ ಹರಡಿದರು. ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಪುಟ್ಟ ಗುರುತು ಆಗ ಕಾಣಿಸಿತು. ಮಡಿಸಿಟ್ಟಿದ್ದಾಗ ಅದು ಒಳಗೆಲ್ಲೋ ಅಡಗಿತ್ತು.

"ಇದು ಹೆರಿಗೆ ವಾರ್ಡಿಂದು. ಗುರುತು ಮೇಲೇ ಕಾಣ್ಬೇಕು. ಇಲ್ದಿದ್ರೆ ಸಿಸ್ಟರ್‌ಗಳು ಒಂದೊಂದನ್ನೂ ಬಿಚ್ಚಿ ನೋಡ್ಬೇಕಾಗತ್ತೆ," ಎಂದರು. "ನಿಮ್ಮ ಮಗಳ ಕೈ ಚೆನ್ನಾಗಿದೆಯಮ್ಮ. ಮೂಲೆಗೆ ಮೂಲೆ ಕೂಡಿಸೋದ್ರಲ್ಲಿ ನಮ್ಮ ಹಳಬರೂ ಅವಳ ಮುಂದೆ ನಿಲ್ಲಲ್ಲ. ಆದ್ರೆ ಇದೊಂದು ಮಾತು ತಲೆಗೆ ಹೋಗ್ತಾ ಇಲ್ಲ."

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಆ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳ ಶಾಖಕ್ಕೆ ಗೋಡೆಗಳೂ ಬೆವೆತಂತಿದ್ದವು. ಮೇಲ್ವಿಚಾರಕಿಯನ್ನು ಟ್ರಾಲಿ ತಳ್ಳುವವರಿಂದ ಹಿಡಿದು ಡಾಕ್ಟರುಗಳವರೆಗೆ ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಆಚೆ ಕೊನೆಯ ಮೇಜಿನಲ್ಲಿ ಪುಟ್ಟಿ ಇತ್ತ ನೋಡದೆ ಒಂದೇ ಸಮನೆ ಮಡಿಸುತ್ತಿದ್ದಳು. ವಯಸ್ಸು ಹತ್ತೊಂಬತ್ತಾದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ. ಮಾತು ಅವಳನ್ನು ತಲುಪಲು ಹೊತ್ತು ಬೇಕು. ತಲುಪಿದ ಮೇಲೆ ಜಪ್ಪಯ್ಯ ಅಂದರೂ ಬಿಟ್ಟು ಹೋಗುವುದಿಲ್ಲ.

ವಿಶೇಷ ಶಾಲೆಯಲ್ಲಿ ಅವಳಿಗಿದು ಕೊನೆಯ ವರ್ಷ. ಅಲ್ಲಿಯ ಟೀಚರ್ ಹನ್ನೊಂದು ಕಡೆ ಬಾಗಿಲು ತಟ್ಟಿ, ಹನ್ನೆರಡನೆಯ ಕಡೆ ದೊಡ್ಡಮ್ಮನನ್ನು ಒಪ್ಪಿಸಿ ಈ ಎರಡು ವಾರಗಳ ಅವಕಾಶ ಗಿಟ್ಟಿಸಿದ್ದರು. ಶನಿವಾರ ತೀರ್ಮಾನ. ಇವತ್ತು ಗುರುವಾರ. ಇದೂ ಕೈತಪ್ಪಿದರೆ ಮುಂದೆ ಪುಟ್ಟಿಗೆ ಮನೆಯ ನಾಲ್ಕು ಗೋಡೆಗಳೇ ಗತಿ.

ಪಕ್ಕದಲ್ಲೇ ನಿಂತಿದ್ದ ಟೀಚರಿಗಂತೂ ತಲೆ ಕೆಟ್ಟುಹೋಗಿತ್ತು. "ಸಂಜೆ ಹೊರಡೋ ಹೊತ್ತಿಗೆ ಎಲ್ಲಾ ಸರಿಯಾಗಿ ಮಡಿಸ್ತಿರ್ತಾಳೆ ಅಕ್ಕ. ಬೆಳಿಗ್ಗೆ ಬಂದ್ರೆ ಮತ್ತೆ ಅದೇ ತಪ್ಪು. ಯಾರೋ ಬಂದು ಒರೆಸಿ ಹಾಕಿದ ಹಾಗೆ."

ತಾಯಿ ಬೆಡ್‌ಶೀಟಿನ ಅಂಚನ್ನು ಬೆರಳಲ್ಲಿ ಸವರುತ್ತ ನಿಂತಳು. ಒರೆಸಿ ಹಾಕಿದವರು ಯಾರೆಂದು ಅವಳಿಗೆ ಗೊತ್ತಾಗಿತ್ತು.

ಲಾಂಡ್ರಿಗೆ ಹೋಗಲು ಶುರುವಾದಾಗಿನಿಂದ ದಿನಾ ಸಂಜೆ ಚಹಾ ಕುಡಿದಾದ ಮೇಲೆ ತಾಯಿ ಮಗಳನ್ನು ಮಂಚದ ಆಚೆ ನಿಲ್ಲಿಸಿಕೊಂಡು ಮನೆಯ ಬೆಡ್‌ಶೀಟುಗಳನ್ನು ಮಡಿಸುವುದು ಕಲಿಸುತ್ತಿದ್ದಳು. ಇಪ್ಪತ್ತು ಸಲ, ಒಮ್ಮೊಮ್ಮೆ ಮೂವತ್ತು ಸಲ. ಹೊಲಿಗೆ, ತೇಪೆ, ಗುರುತು ಏನಿದ್ದರೂ ಒಳಗೆ ಸೇರಬೇಕು, ಹೊರಗೆ ಕಾಣುವುದೆಲ್ಲ ನಯವಾಗಿರಬೇಕು. ತಾಯಿಗೆ ಅವಳ ಅಮ್ಮ ಕಲಿಸಿದ ಮಡಿಕೆ ಅದು. ಈ ಮನೆಯ ಕಪಾಟು ತೆರೆದರೆ ಬಟ್ಟೆಗಳೆಲ್ಲ ಎದ್ದು ಸಲ್ಯೂಟ್ ಹೊಡೆಯುತ್ತವೆ ಎಂದು ಗಂಡ ತಮಾಷೆ ಮಾಡುವುದಿತ್ತು. ಮೊದಲೆರಡು ಸಂಜೆ ಪುಟ್ಟಿ ಅಂಚನ್ನು ಮತ್ತೆ ಮತ್ತೆ ಹೊರಕ್ಕೆ ತಿರುಗಿಸಿದ್ದಳು. ತಾಯಿ ಅವಳ ಮಣಿಕಟ್ಟು ಹಿಡಿದು ಒಳಕ್ಕೆ ಹೊರಳಿಸಿದ್ದಳು. ಮೂರನೆಯ ಸಂಜೆಯ ಹೊತ್ತಿಗೆ ಪುಟ್ಟಿ ಹಟ ಬಿಟ್ಟಿದ್ದಳು.

ಬಸ್ಸಿನಲ್ಲಿ ಮಗಳು ಭುಜಕ್ಕೊರಗಿ ತೂಕಡಿಸುತ್ತಿದ್ದಾಗ ತಾಯಿಯ ಮನಸ್ಸು ಅಷ್ಟಕ್ಕೇ ನಿಲ್ಲಲಿಲ್ಲ. ಗುರುತಿನ ವಿಷಯ ತನಗೆ ಗೊತ್ತಿರಲಿಲ್ಲ, ನಿಜ. ಆದರೆ ಮೊನ್ನೆ ಟೀಚರ್ ಫೋನ್ ಮಾಡಿ, ಯಾಕೋ ಕಷ್ಟ ಆಗ್ತಿದೆ ಅಕ್ಕ ಎಂದಾಗ ಎದೆಯೊಳಗೆ ಏನೋ ಸಡಿಲವಾಗಿತ್ತಲ್ಲ, ಅದೇನು? ಹತ್ತೊಂಬತ್ತು ವರ್ಷದಿಂದ ಅವಳ ದಿನಕ್ಕೆ ಮಗಳದೇ ಆಕಾರ. ಎಬ್ಬಿಸುವುದು, ತಲೆ ಬಾಚುವುದು, ಬಟ್ಟಲು ಮುಂದಿಡುವುದು, ಶಾಲೆಗೆ ಬಿಡುವುದು, ಕರೆತರುವುದು. ಪುಟ್ಟಿ ಏಳು ಗಂಟೆಗೆ ಹೊರಟು ಐದಕ್ಕೆ ಬರುವಂತಾದರೆ ನಡುವಿನ ಅಷ್ಟು ಹೊತ್ತು ಈ ಎರಡು ಕೈಗಳನ್ನು ಎಲ್ಲಿಡುವುದು? ಕೆಲಸ ಸಿಗಲಿ ಎಂದು ಹಂಬಲಿಸಿದವಳೂ ತಾನೇ, ಸಿಗದಿದ್ದರೆ ಪರವಾಗಿಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟವಳೂ ತಾನೇ. ನಿದ್ದೆಯಲ್ಲಿದ್ದ ಮಗಳ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಬಸ್ಸಿಳಿದು, ಮಗಳು ಮುಂದೆ ಮೆಟ್ಟಿಲು ಹತ್ತುತ್ತಿದ್ದಂತೆ, ಕೆಳಗೇ ನಿಂತು ಟೀಚರಿಗೆ ಫೋನ್ ಮಾಡಿದಳು. ಸಂಜೆಯ ಪಾಠದ ವಿಷಯ ಪೂರ್ತಿ ಹೇಳಿದಳು. ನಿಟ್ಟುಸಿರಿನ ವಿಷಯ ಹೇಳಲಾಗಲಿಲ್ಲ. ಟೀಚರ್ ನಕ್ಕುಬಿಟ್ಟರು.

"ಅವಳಿಗೆ ಮೊದಲ್ನೇ ಟೀಚರ್ ನೀವಲ್ವಾ ಅಕ್ಕ. ನಾನೊಂದು ಹೇಳಿ ನೀವೊಂದು ಹೇಳಿದ್ರೆ ಅವಳು ನಿಮ್ಮ ಕಡೆಗೇ."

ಇನ್ನು ಮೇಲೆ ಹಾಗೆ ಮಡಿಸಬೇಡ ಎಂದು ಹೇಳಿಬಿಡಲೇ ಎಂದು ತಾಯಿ ಕೇಳಿದಳು.

"ಹೇಳಿದ್ರೆ ಸಾಲಲ್ಲ. ಇವತ್ತು ಅವಳು ಕಲಿಸ್ಲಿ, ನೀವು ಕಲೀರಿ."

ಆ ಸಂಜೆ ತಾಯಿ ಹೊಲಿಗೆ ಡಬ್ಬಿ ತೆಗೆದು, ತನ್ನ ಒಳ್ಳೆಯ ಬಿಳಿ ಬೆಡ್‌ಶೀಟಿನ ಮೂಲೆಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದಳು. ಪುಟ್ಟಿ ಚಹಾ ಆರಿಹೋದರೂ ಕುಡಿಯದೆ ನೋಡುತ್ತಿದ್ದಳು.

"ದೊಡ್ಡಮ್ಮ ಹೇಳೋ ಹಾಗೆ ಮಡಿಸೋಕೆ ನಂಗೆ ಬರಲ್ಲ ಪುಟ್ಟಿ. ನೀನು ತೋರಿಸ್ಕೊಡು."

ಪುಟ್ಟಿ ಕೂಡಲೇ ಏಳಲಿಲ್ಲ. ಮಾತು ಅವಳನ್ನು ತಲುಪುವವರೆಗೆ ತಾಯಿ ಬೆಡ್‌ಶೀಟು ಹಿಡಿದುಕೊಂಡೇ ಕಾದಳು. ಕೊನೆಗೆ ಮಗಳು ಎದ್ದು ಮಂಚದ ಆಚೆ ಬದಿಗೆ ಹೋಗದೆ ಈಚೆಗೆ ಬಂದಳು, ದಿನಾ ತಾಯಿ ನಿಲ್ಲುತ್ತಿದ್ದ ಜಾಗಕ್ಕೆ. ತಾಯಿ ಆಚೆ ಸರಿದಳು. ಇಬ್ಬರೂ ಮೂಲೆಗೆ ಮೂಲೆ ಕೂಡಿಸಿದರು. ಬೇಕೆಂದಲ್ಲ, ತಾಯಿಯ ಕೈ ತಾನೇ ತಾನಾಗಿ ಅಂಚನ್ನು ಒಳಕ್ಕೆ ಹೊರಳಿಸಿತು. ಪುಟ್ಟಿ ಬಂದು ತಾಯಿಯ ಮಣಿಕಟ್ಟು ಹಿಡಿದಳು.

"ಹಾಗಲ್ಲ. ಗುರುತು ಮೇಲೆ. ಸಿಸ್ಟರ್‌ಗೆ ಕಾಣ್ಬೇಕು. ಪಾಪು ಅಳ್ತಿರತ್ತೆ. ಬೇಗ ಬೇಕು."

ತಾಯಿ ದಂಗಾದಳು. ತಲೆಗೆ ಹೋಗಿಲ್ಲ ಎಂದುಕೊಂಡಿದ್ದ ಮಾತು ಕಾರಣದ ಸಮೇತ ಒಳಗೆ ಹೋಗಿ ಕೂತಿತ್ತು.

"ಗೊತ್ತಿತ್ತಲ್ಲ ಮತ್ತೆ. ಬೆಳಿಗ್ಗೆ ಯಾಕೆ ಒಳಗೆ ಮಡಿಸ್ತಿದ್ದೆ?"

"ಅಮ್ಮ ಹಾಗೆ ಮಾಡ್ತಾಳೆ," ಎಂದಳು ಪುಟ್ಟಿ. ಇಷ್ಟೂ ತಿಳಿಯದೇ ಎನ್ನುವಂತಿತ್ತು ಅವಳ ಮುಖ.

ತಾಯಿ ಬೆಡ್‌ಶೀಟಿನಲ್ಲಿ ಮುಖ ಮರೆಸಿಕೊಂಡಳು. ಆಮೇಲೆ, ಅಮ್ಮ ಮಾಡೋದು ಅಮ್ಮನ ಕಪಾಟಿಗೆ, ದೊಡ್ಡಮ್ಮನ ಹತ್ತಿರ ದೊಡ್ಡಮ್ಮನ ಹಾಗೇ ಎಂದಳು. ಪುಟ್ಟಿ ಅದನ್ನು ಎರಡು ಸಲ ಹೇಳಿಸಿಕೊಂಡಳು. ಇಬ್ಬರೂ ಹದಿನೈದು ಸಲ ಮಡಿಸಿದರು. ಒಂಬತ್ತು ಸಲ ತಾಯಿ ತಪ್ಪಿದಳು. ಪುಟ್ಟಿಗೆ ನಗು ತಡೆಯಲಾಗಲಿಲ್ಲ.

ಶನಿವಾರ ತಾಯಿ ಒಳಗೆ ಹೋಗಲಿಲ್ಲ. ಲಾಂಡ್ರಿಯ ಹಿಂಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕೂತು, ಚೀಲದ ಹಿಡಿಕೆಯನ್ನು ತಿರುಚುತ್ತಿದ್ದಳು. ನಾಲ್ಕಕ್ಕೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಬಂದರು. ನಿನ್ನೆಯೂ ಇವತ್ತೂ ಒಂದೂ ತಪ್ಪಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಮಧ್ಯಾಹ್ನ ನಾನೇ ಒಂದನ್ನ ಉಲ್ಟಾ ಮಡಿಸಿಬಿಟ್ಟೆ. ತಂದು ನನ್ನ ಮುಂದೆ ಹಾಕಿ, ಸಿಸ್ಟರ್‌ಗೆ ಕಾಣಲ್ಲ ದೊಡ್ಡಮ್ಮ ಅಂದ್ಲು. ಎಲ್ರ ಎದುರಿಗೆ. ನಾನೂ, ಪರೀಕ್ಷೆ ಮಾಡೋಕೆ ಹಾಗೆ ಮಾಡಿದ್ದು ಅಂತ ಹೇಳಿಕೊಂಡೆ." ಒಳಗೆ ಹೋಗುತ್ತಾ ತಿರುಗಿ ನಿಂತರು. "ಸೋಮವಾರ ಏಳೂವರೆಗೆ ಇಲ್ಲಿರ್ಬೇಕು. ಬಸ್ ತಪ್ಪಿತು ಅನ್ನೋದೆಲ್ಲ ನನ್ನ ಹತ್ರ ನಡೆಯಲ್ಲ."

ಸೋಮವಾರ ಬೆಳಿಗ್ಗೆ ಪುಟ್ಟಿ ಲಾಂಡ್ರಿಯವರು ಕೊಟ್ಟ ನೀಲಿ ಏಪ್ರನ್ನನ್ನು ಚೀಲಕ್ಕೆ ಹಾಕಿಕೊಂಡಳು. ಮೊದಲ ವಾರ ಬಸ್ಸಿನಲ್ಲಿ ಜೊತೆಗಿರುತ್ತೇನೆಂದ ಟೀಚರ್ ರಸ್ತೆಯಾಚೆ ಕಾಯುತ್ತಿದ್ದರು. ತಾಯಿ ಚಪ್ಪಲಿ ಮೆಟ್ಟಿದ್ದನ್ನು ನೋಡಿ ಪುಟ್ಟಿ, ನೀನು ಮನೇಲಿರು ಎಂದಳು. ತಾಯಿ ಚಪ್ಪಲಿ ಬಿಟ್ಟು ಕಿಟಕಿಯಲ್ಲಿ ನಿಂತಳು. ಬಸ್ಸು ಬಂತು, ಹೋಯಿತು.

ಮನೆ ಇದ್ದಕ್ಕಿದ್ದಂತೆ ದೊಡ್ಡದಾದಂತಿತ್ತು. ತಾಯಿ ಒಣಗಿದ ಬಟ್ಟೆಗಳನ್ನು ತಂದು ಮಂಚದ ಮೇಲೆ ಸುರಿದಳು. ಕೆಂಪು ಹೊಲಿಗೆಯ ಬೆಡ್‌ಶೀಟು ಕೈಗೆ ಬಂತು. ಒಬ್ಬಳೇ, ತೋಳುಗಳನ್ನು ಅಗಲಿಸಿ ಮೂಲೆಗೆ ಮೂಲೆ ಕೂಡಿಸಿದಳು, ಮಡಿಸಿ ಅಂಗೈಯಲ್ಲಿ ಒತ್ತಿದಳು. ನೋಡಿದರೆ ಗುರುತು ಎಲ್ಲೂ ಇಲ್ಲ.

ಬಿಚ್ಚಿ, ಮೊದಲಿನಿಂದ ಶುರು ಮಾಡಿದಳು.