ಕೋಟಿನ ಹಾಡು

"ಅಲ್ಲ," ಎಂದಳು ಅಕ್ಕ.

ತಮ್ಮ ಇನ್ನೊಂದು ಹಾಡು ಹಾಕಿದ. ಪಿಟೀಲು ಒಂದೆರಡು ಸಲ ಕುಯ್ಯೆಂದಿತೋ ಇಲ್ಲವೋ, ಅಕ್ಕ ಕುರ್ಚಿಯಲ್ಲಿ ಕೂತಲ್ಲಿಂದಲೇ ತಲೆಯಾಡಿಸಿದಳು. "ಅಲ್ಲ."

ಇಸ್ತ್ರಿ ಮೇಜಿನ ಮೇಲೆ ಯಾರದೋ ಪ್ಯಾಂಟು ಮಲಗಿತ್ತು. ಅದರ ಒಂದು ಕಾಲು ಗೆರೆ ಎಳೆದ ಹಾಗೆ ನೆಟ್ಟಗಿತ್ತು, ಇನ್ನೊಂದು ಕಾಲು ಹಿಂಡಿ ಬಿಸಾಕಿದ ಹಾಗೆ ಸುಕ್ಕಾಗಿತ್ತು. ಬಾಗಿಲ ಹತ್ತಿರ ಬಿಚ್ಚದ ಬಟ್ಟೆಗಂಟುಗಳು ಒಂದರ ಮೇಲೊಂದು ಕೂತಿದ್ದವು. ವ್ಯಾಯಾಮ ಮಾಡಿಸುವ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಡಿಯಾರ ನೋಡಿಯೂ ನೋಡದ ಹಾಗೆ ಕೂತಿದ್ದಳು. ಪಾಪ, ಅವಳಿಗೂ ಮುಂದೆ ಇನ್ನೊಂದು ಮನೆಯಿತ್ತು.

"ಕೋಟು," ಎಂದಳು ಅಕ್ಕ.

"ಗೊತ್ತಾಯ್ತಮ್ಮಾ ನನ್ ತಾಯಿ, ಕೋಟಿನ ಹಾಡು. ಅದನ್ನೇ ಹುಡುಕ್ತಾ ಇದೀನಲ್ಲ!"

ಹುಡುಕುವುದು ಎಲ್ಲಿ? ಅಂಗಡಿಯ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಹಾಡುಗಳಿದ್ದವು, ಬೇಕಾದಷ್ಟಿದ್ದವು. ಆದರೆ ಕೋಟಿನ ಹಾಡು ಎಂಬ ಹೆಸರಿನದು ಈಗ ಒಂದೂ ಇರಲಿಲ್ಲ. ಅಸಲಿಗೆ ಅಂಥ ಹೆಸರಿನ ಹಾಡು ಪ್ರಪಂಚದಲ್ಲೇ ಇರಲಿಲ್ಲ. ಅದು ಅಕ್ಕ ಇಟ್ಟ ಹೆಸರು. ಆ ಹಾಡಿನ ಹೆಂಗಸು ಒಂದು ಕಡೆ ದನಿಯನ್ನು ಉದ್ದಕ್ಕೆ ಎಳೆಯುತ್ತಾಳಂತೆ. ಅವಳು ಎಳೆದು ಮುಗಿಸುವುದರೊಳಗೆ ಇಸ್ತ್ರಿ ಪೆಟ್ಟಿಗೆ ಕೋಟಿನ ಭುಜದಿಂದ ಹೊರಟು ಅಂಚು ಮುಟ್ಟಿರಬೇಕು, ನಡುವೆ ನಿಲ್ಲಬಾರದು. ಅಕ್ಕ ಇಷ್ಟು ವರ್ಷ ಕೋಟುಗಳನ್ನು ಇಸ್ತ್ರಿ ಮಾಡಿದ್ದು ಹಾಗೆ.

ಉಳಿದ ಹಾಡುಗಳ ಕಥೆಯೂ ಅದೇ. ಹಳೆಯ ಕ್ಯಾಸೆಟ್ಟು, ಸೀಡಿಗಳಿಂದ ಹಾಡುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅಕ್ಕ ಪೆಟ್ಟಿಗೆ ಒತ್ತುತ್ತಲೇ ಹೆಸರು ಹೇಳುತ್ತಿದ್ದಳು, ತಮ್ಮ ಒಂದು ಬೆರಳಿನಿಂದ ಕುಟ್ಟುತ್ತಿದ್ದ. ಬಿಳಿ ಶರ್ಟು ಸುಟ್ಟ ಹಾಡು. ಕರೆಂಟ್ ಬಂದ ಹಾಡು. ಪ್ಯಾಂಟಿಗೆ ಕಾಯುತ್ತಾ ಬೆಂಚಿನ ಮೇಲೆ ಗೊರಕೆ ಹೊಡೆದ ಗಿರಾಕಿಯ ನೆನಪಿಗೆ, ಮೇಷ್ಟ್ರು ಮಲಗಿದ ಹಾಡು. ತಮ್ಮನಿಗೆ ಹಾಡಿನ ಗಂಧಗಾಳಿ ಇರಲಿಲ್ಲ. ಅವನು ಮನೆಮನೆಗೆ ಬಟ್ಟೆ ಮುಟ್ಟಿಸುವವನು. ಅವನ ಪಾಲಿಗೆ ಎಲ್ಲ ಹಾಡೂ ಒಂದೇ, ಹೆಸರು ಮಾತ್ರ ಬೇರೆ.

ಆ ಹೆಸರುಗಳೇ ಈಗ ಹೋಗಿದ್ದವು. ತೆಗೆದವಳು ಅವನ ಹೆಂಡತಿ, ಅದೂ ಒಳ್ಳೆಯ ಮನಸ್ಸಿನಿಂದಲೇ. ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾದ ಅವಳಿಗೆ ಅಡ್ಡಾದಿಡ್ಡಿ ಇದ್ದದ್ದು ಯಾವುದೂ ಕಣ್ಣಿಗೆ ಸೇರುವುದಿಲ್ಲ. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತು, ಮಾತು ಬಿದ್ದು, ಆಸ್ಪತ್ರೆಯಿಂದ ಮನೆಗೆ ಬಂದಾಗ ವ್ಯಾಯಾಮದವಳು, "ಅವರಿಗೆ ಇಷ್ಟವಾದ ಹಾಡು ಹಾಕಿ, ಕೈ ತಾನಾಗೇ ಆಡತ್ತೆ," ಎಂದಿದ್ದಳು. ಹಾಡು ಬೇಗ ಸಿಗಲಿ ಎಂದು ಹೆಂಡತಿ ಹಾಡುಗಳನ್ನು ಜೋಡಿಸಿಡುವ ಒಂದು ಸಾಫ್ಟ್‌ವೇರ್ ತಂದು ಹಾಕಿದಳು. ಮೊದಲ ತಿಂಗಳು ಉಚಿತ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುತ್ತಾರಲ್ಲ, ಹಾಗೆ. ಅದು ಒಂದೊಂದು ಹಾಡನ್ನೂ ಕೇಳಿ, ಗುರುತು ಹಿಡಿದು, ಸರಿಯಾದ ಹೆಸರು, ಹಾಡಿದವರು, ವರ್ಷ ಎಲ್ಲವನ್ನೂ ಬರೆದು, ಚಿತ್ರ ಸಮೇತ ಸಾಲಾಗಿ ನಿಲ್ಲಿಸಿತು. ನೋಡಲು ಎಷ್ಟು ಚೆಂದ ಅಂತೀರಿ! ಮಾರನೆಯ ದಿನ ಅಕ್ಕ "ಕೋಟು" ಎಂದಾಗಲೇ ಎಲ್ಲರಿಗೂ ಬುದ್ಧಿ ಬಂದದ್ದು.

ಹಳೆಯ ಹೆಸರುಗಳು ಪೂರ್ತಿ ಅಳಿದಿರಲಿಲ್ಲ. ಅವನ್ನು ವಾಪಸ್ ತರಲು ಒಂದು ಗುಂಡಿಯಿತ್ತು. ಗುಂಡಿಯ ಪಕ್ಕದಲ್ಲಿ ಪುಟ್ಟದೊಂದು ಬೀಗದ ಚಿತ್ರವಿತ್ತು. ಒತ್ತಿದರೆ, ಈ ಸೌಲಭ್ಯ ಪ್ರೀಮಿಯಂ ಗ್ರಾಹಕರಿಗೆ ಮಾತ್ರ ಎನ್ನುತ್ತಿತ್ತು.

"ಕೈ ಇಲ್ಲಿಡಿ ಅಮ್ಮ," ಎಂದು ವ್ಯಾಯಾಮದವಳು ಅಕ್ಕನ ಬಲಗೈಯನ್ನು ಎತ್ತಿ ಸಣ್ಣ ಮೇಜಿನ ಮೇಲೆ ಮಡಿಸಿಟ್ಟ ಬಟ್ಟೆಗೆ ಒರಗಿಸಿದಳು. "ಈಗ ಮುಂದಕ್ಕೆ ತಳ್ಳಿ, ಇಸ್ತ್ರಿ ಮಾಡೋ ಥರ. ಹಾಡು ಯಾವುದಾದ್ರೂ ಪರವಾಗಿಲ್ಲ."

ಅಕ್ಕ ತಳ್ಳಲಿಲ್ಲ. ಕೈ ಬೇರೆ ಯಾರೋ ಮರೆತು ಹೋದ ವಸ್ತುವಿನಂತೆ ಬಟ್ಟೆಯ ಮೇಲೆ ಬಿದ್ದಿತ್ತು. "ಆಮೇಲೆ," ಎಂದಳು. ಅವಳಿಗೆ ಉಳಿದಿದ್ದ ಮಾತುಗಳೇ ಅಷ್ಟು: ಅಲ್ಲ, ಆಮೇಲೆ, ತಮ್ಮನನ್ನು ಕರೆಯುವ ಮರಿ ಎಂಬ ಮುದ್ದಿನ ಹೆಸರು, ಬಟ್ಟೆಬರೆಯ ಕೆಲವು ಹೆಸರು. ಆ ಮರಿಯ ತಲೆ ಬೋಳಾಗಿ ಯಾವ ಕಾಲವಾಯಿತೋ! ಒಂದು ಸಲಕ್ಕೆ ಒಂದೇ ಮಾತು, ಅದರ ಮುಂದೆ ಗೋಡೆ. ಎರಡು ಮಾತು ಕೂಡಿಸಿ ಆಡಿದ ದಿನ ದಾರಿಗೆ ಬಂದರು ಅಂತ ತಿಳಿಯಿರಿ ಎಂದು ವ್ಯಾಯಾಮದವಳು ಹೇಳಿದ್ದಳು. ಅಂಥ ದಿನ ಇನ್ನೂ ಬಂದಿರಲಿಲ್ಲ.

ವ್ಯಾಯಾಮದವಳು ಬಾಗಿಲವರೆಗೆ ಹೋಗಿ ತಮ್ಮನನ್ನು ಹತ್ತಿರ ಕರೆದಳು. "ನೋಡಿ, ಬೇಜಾರು ಮಾಡ್ಕೋಬೇಡಿ. ಈಗ ಆಡಿಸದೆ ಬಿಟ್ರೆ ಆ ಕೈ ಹಾಗೇ ಬಿಗಿದು ಹೋಗತ್ತೆ. ಆಮೇಲೆ ಅವರು ಪೆಟ್ಟಿಗೆ ಹಿಡಿಯೋದು ಕಷ್ಟ." ಹೇಳಿ ಹೊರಟಳು.

ತಮ್ಮ ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಒಂದು ಹಾಡು ಹಾಕಿದ. "ಅಲ್ಲ." ಇನ್ನೊಂದು. "ಅಲ್ಲ." ಹೊರಗೆ ಗಿರಾಕಿಯೊಬ್ಬ ಬಂದು, ಆಗಲಿಲ್ಲವೇ ಎಂದು ಮುಖ ಗಂಟಿಕ್ಕಿ ಹೋದ. ತಮ್ಮ ಇನ್ನೊಂದು ಹಾಡು ಹಾಕಿದ. ಅದರಲ್ಲಿ ಯಾವಳೋ ಚಪ್ಪಾಳೆ ತಟ್ಟಿಕೊಂಡು ಹೊತ್ತುಗೊತ್ತಿಲ್ಲದ ಖುಷಿಯಲ್ಲಿ ಹಾಡುತ್ತಿದ್ದಳು.

"ಕೋಟು."

"ಯಾವ ಹಾಡಾದ್ರೇನು ನಿಂಗೆ?" ಅವನು ಎದ್ದೇಬಿಟ್ಟ. "ಹಾಡು ಹಾಡೇ ಅಲ್ವಾ! ನಿಂತು ನಿಂತು ನನ್ನ ಕಾಲು ಕಂಬ ಆಗಿದೆ. ನಿನ್ನ ಕೆಲಸಾನೂ ನಂದೇ, ನನ್ನ ಕೆಲಸಾನೂ ನಂದೇ. ಕೈ ಆಡಿಸೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನು, ಕೋಟು ಕೋಟು ಅಂತ ಪ್ರಾಣ ತಿನ್ಬೇಡ!"

ಮೇಜಿನ ಮೇಲಿದ್ದ ಪ್ಯಾಂಟನ್ನು ಬಾಚಿ ಮೂಲೆಗೆ ಎಸೆದ. ಚಪ್ಪಾಳೆಯ ಹಾಡು ಮುಗಿಯುವ ಹಾಗೇ ಕಾಣಲಿಲ್ಲ. ಅಕ್ಕ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಅವತ್ತೆಲ್ಲ ಅವನು ಅವಳ ಬೆನ್ನು ನೋಡುತ್ತಾ ಇಸ್ತ್ರಿ ಮಾಡಿದ. ಟೀ ಮಾಡಿ ತಂದಿಟ್ಟರೆ ಕೆನೆಗಟ್ಟಿತು. ಸಣ್ಣವನಿದ್ದಾಗ ಅವನ ಶಾಲೆಯ ಅಂಗಿಗೆ ಪೆಟ್ಟಿಗೆ ಒತ್ತಿ, ಬಿಸಿ ಇರುವಾಗಲೇ ತೊಡಿಸುತ್ತಿದ್ದವಳು ಇವಳು. ಚಳಿಗಾಲದಲ್ಲಿ ಅದರಂಥ ಸುಖ ಇನ್ನೊಂದಿರಲಿಲ್ಲ. ಅಂಥವಳಿಗೆ ಹಾಗೆ ಅಂದೆನಲ್ಲ ಎಂದು ಅವನು ಒತ್ತಿದ ಅಂಗಿಯನ್ನೇ ಮತ್ತೆ ಮತ್ತೆ ಒತ್ತಿದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದುಂಟೇ? ಕ್ಷಮಿಸು ಅನ್ನೋಣ ಎಂದರೆ, ಆ ಮಾತು ಆಡಿ ಅವರಿಬ್ಬರಿಗೂ ಅಭ್ಯಾಸವಿರಲಿಲ್ಲ.

ಸಂಜೆ ಹೆಂಡತಿ ಕಚೇರಿಯಿಂದ ಬಂದವಳು ಚೀಲವನ್ನೂ ಇಳಿಸಲಿಲ್ಲ. "ಇವತ್ತಿಗೆ ಉಚಿತ ಮುಗಿಯತ್ತೆ ರೀ. ಆಮೇಲೆ ಹಳೇ ಹೆಸರುಗಳು ಬ್ರಹ್ಮ ಬಂದ್ರೂ ಸಿಗಲ್ಲವಂತೆ. ದುಡ್ಡು ಕಟ್ಟೋದೋ ಬೇಡವೋ ಹೇಳಿ."

"ಒಳಗೆ ಹೋಗೋಕೆ ಪುಕ್ಕಟೆ, ಹೊರಗೆ ಬರೋಕೆ ದುಡ್ಡು. ಇದ್ಯಾವ ಸೀಮೆ ನ್ಯಾಯ?"

"ಬರೀ ಹೆಸರು ಮಾತ್ರ ಅಲ್ಲ. ವರ್ಷಪೂರ್ತಿ ಇರತ್ತೆ. ಹಾಡಿನ ಸಾಲುಗಳು ಕಾಣ್ಸತ್ತೆ. ನಮ್ಮ ಮನಸ್ಸು ಹೇಗಿದೆಯೋ ಅದಕ್ಕೆ ತಕ್ಕ ಹಾಡು ಅದೇ ಆರಿಸಿ ಹಾಕತ್ತಂತೆ."

"ನನ್ನ ಮನಸ್ಸಿಗೆ ತಕ್ಕ ಹಾಡು ಹಾಕಿದ್ರೆ ಕಂಪ್ಯೂಟ್ರು ಸುಟ್ಟು ಹೋಗತ್ತೆ ಕಣೇ."

ಅವಳು ನಗಲಿಲ್ಲ. "ನಂದೇ ತಪ್ಪು ಬಿಡಿ. ಅತ್ತಿಗೆಗೆ ಅನುಕೂಲ ಆಗ್ಲಿ ಅಂತ ಹೋಗಿ ಹೀಗಾಯ್ತು." ಅವಳ ಕಣ್ಣು ತುಂಬಿತು. "ಆ ದುಡ್ಡಲ್ಲಿ ವ್ಯಾಯಾಮದವರನ್ನ ಇನ್ನೂ ಒಂದಷ್ಟು ದಿನ ಕರೆಸಬಹುದಿತ್ತು. ಅದೂ ಗೊತ್ತು ನಂಗೆ."

"ವ್ಯಾಯಾಮದವಳು ಬಂದು ಏನು ಮಾಡ್ತಾಳೆ, ಕೈ ಆಡದೇ ಇದ್ರೆ?" ಅವನು ಅಕ್ಕನ ಬೆನ್ನಿನ ಕಡೆ ನೋಡಿ ದನಿ ತಗ್ಗಿಸಿದ. ಬೆಳಿಗ್ಗೆ ಆಡಿದ್ದನ್ನು ಹೇಳಿದ. "ಕಟ್ಟಿಬಿಡು, ಹಾಳಾಗಿ ಹೋಗ್ಲಿ. ಆ ಕೋಟಿನ ಹಾಡೊಂದು ಸಿಗ್ಲಿ. ಅವಳಿಗೆ ಮುಖ ತೋರಿಸೋ ಹಾಗಾಗತ್ತೆ."

ಹೆಂಡತಿ ಕಾರ್ಡು ತೆಗೆದು ಕೂತಳು. ಹಾಡುಗಳು ತಮ್ಮ ಪಾಡಿಗೆ ಒಂದಾದ ಮೇಲೊಂದು ಬರುತ್ತಿದ್ದವು, ಯಾವ ಸರದಿಯೂ ಇಲ್ಲದೆ. ಯಾರೂ ಕೇಳುತ್ತಿರಲಿಲ್ಲ. ಕಾರ್ಡಿನ ಅಂಕಿಗಳನ್ನೆಲ್ಲ ಹಾಕಿದ್ದಾಯಿತು, ಇನ್ನು ಫೋನಿಗೆ ಕೋಡ್ ಬರಬೇಕು.

"ಗುಂಡಿ," ಎಂದಳು ಅಕ್ಕ, ಗೋಡೆಯ ಕಡೆಯಿಂದಲೇ.

ತಮ್ಮ ಓಡಿಹೋಗಿ ಅವಳ ಸ್ವೆಟರಿನ ಗುಂಡಿಗಳನ್ನು ಮುಟ್ಟಿ ನೋಡಿದ. ಎಲ್ಲ ಇದ್ದವು. "ಯಾವ ಗುಂಡಿ ಅಕ್ಕಾ? ಬಿಚ್ಚಲಾ? ಸೆಕೆನಾ?"

"ಅಲ್ಲ," ಎಂದು ಅವಳು ಗಲ್ಲವನ್ನು ಕಂಪ್ಯೂಟರಿನ ಕಡೆ ಎತ್ತಿದಳು.

ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾರದೋ ಮದುವೆಯ ಅಂಗಿಯ ಗುಂಡಿ ಹಾರಿಹೋಗಿ, ಅಕ್ಕ ತಮ್ಮ ಇಬ್ಬರೂ ಮೇಜಿನ ಕೆಳಗೆ ಅಂಬೆಗಾಲಿಟ್ಟು ಹುಡುಕಿ, ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡಿದ್ದರು. ಆಗ ಬರುತ್ತಿದ್ದ ಹಾಡು. "ಗುಂಡಿ ಸಿಗದ ಹಾಡು!" ಎಂದು ಅವನು ಕೂಗಿಕೊಂಡ. "ಲೇ, ಇದು ಗುಂಡಿ ಸಿಗದ ಹಾಡು ಕಣೇ! ಹೆಸರು ಬರಿ, ಬರಿ!"

ಹೆಂಡತಿ ಹಾಡಿನ ಅಸಲಿ ಹೆಸರನ್ನು ಅಳಿಸಿ ಬರೆದಳು. ಅದಕ್ಕೆ ಬೀಗವಿರಲಿಲ್ಲ.

ಮುಂದಿನ ಹಾಡಿಗೆ ಅಕ್ಕ ಕಣ್ಣು ಮುಚ್ಚಿದಳು. ತುಟಿ ಆಡಿತು, ಹಣೆಯಲ್ಲಿ ಗೆರೆ ಮೂಡಿತು. "ಮೇ... ಮೇಷ್ಟ್ರು." ತಿಂಗಳಿನಿಂದ ಅವಳ ಬಾಯಲ್ಲಿ ಬರದ ಮಾತು ಅದು. ಅದರ ಮುಂದಿನ ಹಾಡಿಗೆ ಏನೂ ಬರಲಿಲ್ಲ. ಬೆವರಿದಳು. "ಆಮೇಲೆ," ಎಂದು ಬಿಟ್ಟುಬಿಟ್ಟಳು. ಇನ್ನೂ ಒಂದಕ್ಕೆ ಹಾಗೇ ಆಯಿತು. ಈ ಲೆಕ್ಕದಲ್ಲಿ ಇಷ್ಟು ಹಾಡು ಕೇಳಿ ಮುಗಿಯುವುದು ಯಾವ ಜನ್ಮಕ್ಕೆ ಎಂದುಕೊಂಡು ತಮ್ಮ ಬಟ್ಟೆಗಂಟಿನ ಮೇಲೆ ಕುಸಿದು ಕೂತ. ಮೈಯೆಲ್ಲ ನೋಯುತ್ತಿತ್ತು.

ಆಗ ಚಪ್ಪಾಳೆಯ ಹಾಡು ಬಂತು. ಬೆಳಗಿನ ಅದೇ ಹೆಂಗಸು, ಅದೇ ಹಾಳು ಖುಷಿ. ತಮ್ಮನ ಮುಖ ಕಪ್ಪಿಟ್ಟಿತು. ಮುಂದಕ್ಕೆ ಓಡಿಸೋಣ ಎಂದು ಎದ್ದ.

"ಮರಿ."

"ಏನಕ್ಕಾ? ನೀರು ಬೇಕಾ?"

ಅಕ್ಕ ಅವನ ಕಡೆ ತಿರುಗಿದ್ದಳು. ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದಿತ್ತು, ಈಗ ಅವಳ ನಗು ಅಷ್ಟೇ. "ಮರಿ," ಎಂದಳು, ಉಸಿರು ತೆಗೆದುಕೊಂಡಳು, ಇನ್ನೊಂದು ಮಾತಿಗೆ ತಡಕಾಡಿದಳು. "ಮರಿ... ಸಿಟ್ಟು."

ಹೆಂಡತಿಯ ಫೋನು ಕಿಣಿ ಎಂದಿತು.

"ಕೋಡ್ ಬಂತು ರೀ," ಎಂದಳು ಅವಳು ಮೆಲ್ಲಗೆ. "ಈಗ ಹಾಕಿದ್ರೆ ಕೋಟಿನ ಹಾಡು ತಕ್ಷಣ ಸಿಗತ್ತೆ. ತಡ ಮಾಡಿದ್ರೆ ಇಲ್ಲ. ಹಾಕ್ಲಾ?"

ತಮ್ಮ ಅಕ್ಕನ ಮುಖ ನೋಡಿದ. "ಕೋಟಿನ ಹಾಡು ತರ್ಸಲಾ ಅಕ್ಕಾ?"

ಅಕ್ಕ ಚಪ್ಪಾಳೆಗೆ ಕಿವಿ ಕೊಟ್ಟಿದ್ದಳು. "ಆಮೇಲೆ," ಎಂದಳು.

ಹೆಂಡತಿ ಫೋನನ್ನು ಕವುಚಿಟ್ಟಳು. ತಮ್ಮ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು, ಒಂದೇ ಬೆರಳಿನಿಂದ, ಮರಿ ಸಿಟ್ಟಿನ ಹಾಡು ಎಂದು ಕುಟ್ಟಿದ. ಕಣ್ಣು ಮಂಜಾಗಿ ಅಕ್ಷರಗಳು ಕಾಣಲಿಲ್ಲ, ಎರಡು ಸಲ ತಿದ್ದಬೇಕಾಯಿತು. ಆಮೇಲೆ ಮೂಲೆಗೆ ಹೋಗಿ, ಬೆಳಿಗ್ಗೆ ಎಸೆದ ಪ್ಯಾಂಟನ್ನು ಹುಡುಕಿ, ಕೊಡವಿ, ಸುಕ್ಕಿನ ಕಾಲನ್ನು ಅಕ್ಕನ ಮುಂದಿನ ಮೇಜಿನ ಮೇಲೆ ಹಾಸಿದ.

ಅಕ್ಕ ಅದನ್ನು ನೋಡಿದಳು. ಇಂಥ ಬಟ್ಟೆ ಗಿರಾಕಿಗೆ ಕೊಡುವುದುಂಟೇ ಎನ್ನುವ ಹಾಗೆ ಹುಬ್ಬು ಗಂಟಿಕ್ಕಿದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಪ್ಯಾಂಟಿನ ಸೊಂಟದ ಮೇಲಿಟ್ಟಳು, ಎಡಗೈಯನ್ನು ತೆಗೆದಳು. ಹಾಡಿನ ಹೆಂಗಸು ಚಪ್ಪಾಳೆ ತಟ್ಟುತ್ತಲೇ ಇದ್ದಳು. ಬಲಗೈ ಮೊದಲು ನಡುಗಿತು, ಆಮೇಲೆ ಹೊರಟಿತು, ಮೊಣಕಾಲಿನ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ಹಾಡು ಮುಗಿಯಿತು.

ಅಕ್ಕ ಕೈಯನ್ನು ಅಲ್ಲೇ ಇಟ್ಟುಕೊಂಡು ಕಾದಳು. ತಮ್ಮ ಅದೇ ಹಾಡನ್ನು ಮತ್ತೆ ಹಾಕಿದ.